ಐ5 ಅಂದರೆ ಯಾವ ಐ5? ಲ್ಯಾಪ್‌ಟಾಪ್ ಚಿಪ್ಪಿನ ಹೆಸರು ಬಿಡಿಸಿ ಆರಿಸುವ ಬಗೆ

ಕಾರ್ಕಳದಿಂದ ಭಾವ ಮೊನ್ನೆ ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿದರು. ಉಡುಪಿಯ ಅಂಗಡಿಯೊಂದರಲ್ಲಿ ಸಾಲಾಗಿ ಇಟ್ಟಿದ್ದ ನಾಲ್ಕು ಲ್ಯಾಪ್‌ಟಾಪ್‌ಗಳ ಬೆಲೆಚೀಟಿಗಳು. ಮಗಳಿಗೆ ಮಣಿಪಾಲದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಹಾಸ್ಟೆಲ್ ಇಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಫೋಟೊಗಳ ಕೆಳಗೆ ಒಂದು ಸಾಲು: "ಎರಡು ಐ5, ಒಂದು ರೈಜೆನ್ 5, ಒಂದು ಐ7. ಐ7 ತಕ್ಕೊಂಡ್ರೆ ಮುಗೀತಲ್ಲ ಮಾರಾಯ?"

ಮುಗಿಯುವುದಿಲ್ಲ. ನಾನು ಕಾಲೇಜು ಲ್ಯಾಬಿನಲ್ಲಿ ಕೆಲಸ ಮಾಡುವವನು. ಜೂನ್ ಬಂತೆಂದರೆ ಮಳೆಯ ಹಾಗೆ ಇಂಥ ಸಂದೇಶಗಳೂ ಸುರಿಯುತ್ತವೆ. ಎಲ್ಲರ ಪ್ರಶ್ನೆಯೂ ಒಂದೇ: ಐ5 ಸಾಕಾ, ಐ7 ಬೇಕಾ? ಆ ಪ್ರಶ್ನೆಗೆ ಉತ್ತರವೇ ಇಲ್ಲ, ಯಾಕೆಂದರೆ ಐ5 ಎಂಬುದು ಒಂದು ಚಿಪ್ಪಲ್ಲ (ಚಿಪ್ಪು ಅಂದರೆ ಪ್ರೊಸೆಸರ್, ಮೆಶಿನ್ನಿನ ಮಿದುಳು). ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಬಸ್ಸಿನ ನೆತ್ತಿಯ ಮೇಲೆ 'ಎಕ್ಸ್‌ಪ್ರೆಸ್' ಎಂಬ ಬೋರ್ಡು ಇರುತ್ತದಲ್ಲ, ಐ5 ಅಂಥದ್ದು. ಬೋರ್ಡು ನೋಡಿ ಹತ್ತುವವರು ಹೊಸಬರು. ಹಳಬರು ಕಂಡಕ್ಟರನನ್ನು ಕೇಳುತ್ತಾರೆ, "ಮುಲ್ಕಿ ನಿಲ್ಲಿಸ್ತೀರಾ, ಪಡುಬಿದ್ರಿ?" ಚಿಪ್ಪಿಗೂ ಹಾಗೆಯೇ ಕೇಳಬೇಕು. ಬೋರ್ಡಿನ ಹಿಂದಿರುವ ಉದ್ದದ ಸಂಖ್ಯೆ, ಅದರ ಬಾಲದಲ್ಲಿರುವ ಅಕ್ಷರ, ಇವೆರಡೇ ಉತ್ತರ ಕೊಡುವಂಥವು.

ಅಂಗಡಿಗೆ ಹೋಗುವ ಮೊದಲು

ಚಿಪ್ಪಿನ ಪುರಾಣಕ್ಕೆ ಮೊದಲು ನಿಮ್ಮ ಲೆಕ್ಕ ನೀವು ಬರೆದಿಟ್ಟುಕೊಳ್ಳಿ. ನಾನು ಎಲ್ಲರನ್ನೂ ಐದು ವಿಷಯ ಕೇಳುತ್ತೇನೆ.

ಮೊದಲನೆಯದು, ದಿನದ ಕೆಲಸ ಎಂಥದ್ದು? ನೋಟ್ಸ್, ಬ್ರೌಸರ್, ಎಕ್ಸೆಲ್, ಟ್ಯಾಲಿ, ವಿಡಿಯೊ ಕ್ಲಾಸು ಇವು ಒಂದು ಗುಂಪು. ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮೆಶಿನ್, ಆಟೊಕ್ಯಾಡ್, ಸಾಲಿಡ್‌ವರ್ಕ್ಸ್, ವಿಡಿಯೊ ಎಡಿಟಿಂಗ್ ಇನ್ನೊಂದು ಗುಂಪು. ಮೊದಲ ಗುಂಪಿನವರು ಎರಡನೆಯ ಗುಂಪಿನ ದುಡ್ಡು ಕೊಡುವುದೇ ನಮ್ಮಲ್ಲಿ ಹೆಚ್ಚು.

ಎರಡನೆಯದು, ಎಲ್ಲಿ ಕೂತು ಕೆಲಸ? ಮೇಜಿನ ಮೇಲೆ, ಪ್ಲಗ್ಗಿನ ಪಕ್ಕದಲ್ಲೋ, ಬಸ್ಸು, ಕ್ಲಾಸು, ಲೈಬ್ರರಿಯಲ್ಲೋ? ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದ ಊರು ನಮ್ಮದು. ಬೇಸಿಗೆಯಲ್ಲಿ ಸೆಕೆ ಬೇರೆ. ಬಿಸಿಯಾಗುವ ಚಿಪ್ಪು ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಇನ್ನಷ್ಟು ಬಿಸಿಯಾಗುತ್ತದೆ, ಫ್ಯಾನು ಇನ್ನಷ್ಟು ಕೂಗುತ್ತದೆ.

ಮೂರನೆಯದು, ಎಷ್ಟು ವರ್ಷ ಬಾಳಬೇಕು? ನಾಲ್ಕು ವರ್ಷದ ಡಿಗ್ರಿಗಾದರೆ ಮುಂದೆ ರ‍್ಯಾಮ್ ಹಾಕಲು ಜಾಗ ಉಂಟಾ ಎನ್ನುವುದು ಚಿಪ್ಪಿನಷ್ಟೇ ದೊಡ್ಡ ವಿಷಯ. ನಾಲ್ಕನೆಯದು, ಯಾವ ಹಳೆಯ ಸಾಮಾನಿನ ಜೊತೆ ಅದು ಹೊಂದಿಕೊಳ್ಳಬೇಕು? ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ನುಡಿ ತಂತ್ರಾಂಶ. ಐದನೆಯದು ದುಡ್ಡು. ಇದನ್ನು ಚಿಪ್ಪಿಗೆ ಎಷ್ಟು ಎಂದು ನೋಡಬೇಡಿ, ಇಡೀ ಮೆಶಿನ್ನಿಗೆ ಎಷ್ಟು ಎಂದು ನೋಡಿ. 8 ಜಿಬಿ ರ‍್ಯಾಮ್ ಇರುವ ಐ7ಕ್ಕಿಂತ 16 ಜಿಬಿಯ ಐ5 ಹೆಚ್ಚಿನ ಜನರಿಗೆ ಸುಖ ಕೊಡುತ್ತದೆ.

ಹೆಸರು ಬಿಡಿಸುವುದು

ಇಂಟೆಲ್ 2008ರಲ್ಲಿ ಕೋರ್ ಐ7 ಎಂಬ ಹೆಸರು ತಂದಿತು, ಹಿಂದೆಯೇ ಐ5, ಐ3 ಬಂದವು. ಓದುವುದು ಸುಲಭ. ಐ5-1335ಯು ಎಂದರೆ 13 ತಲೆಮಾರು, 35 ಆ ತಲೆಮಾರಿನೊಳಗಿನ ಸ್ಥಾನ, ಯು ಬಾಲ. ಐ5-8250ಯು ಆದರೆ 8ನೇ ತಲೆಮಾರು.

ಬಾಲದಲ್ಲಿ ಅಸಲು ಕಥೆ ಉಂಟು. ಯು ಎಂದರೆ ಸುಮಾರು 15 ವ್ಯಾಟಿನಲ್ಲಿ ನಡೆಯುವ, ಬ್ಯಾಟರಿ ಉಳಿಸುವ ಚಿಪ್ಪು. ಎಚ್ ಎಂದರೆ 45 ವ್ಯಾಟಿನದ್ದು. ಜೋರು ಕೆಲಸಕ್ಕೆ, ದಪ್ಪ ಮೆಶಿನ್ನಿಗೆ. ಎಚ್‌ಎಕ್ಸ್ ಅದಕ್ಕಿಂತಲೂ ಮೇಲೆ, ಗೇಮಿಂಗ್ ಲ್ಯಾಪ್‌ಟಾಪಿನವರಿಗೆ. 12, 13ನೇ ತಲೆಮಾರಿನಲ್ಲಿ ನಡುವೆ ಪಿ ಎಂದು 28 ವ್ಯಾಟಿನದ್ದೂ ಇತ್ತು. ರೈಜೆನ್ ಮಾಡುವ ಎಎಂಡಿಯಲ್ಲಿ ಯು, ಎಚ್‌ಎಸ್, ಎಚ್, ಎಚ್‌ಎಕ್ಸ್ ಹೆಚ್ಚುಕಡಿಮೆ ಇದೇ ಕ್ರಮ.

ಭಾವ ಕಳಿಸಿದ ಎರಡು ಐ5ಗಳನ್ನೇ ನೋಡಿ. ಒಂದು ಐ5-1335ಯು, ಇನ್ನೊಂದು ಐ5-13420ಎಚ್. ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕವೂ ಒಂದು ಕೋರ್. ಮೊದಲನೆಯದರಲ್ಲಿ 10 ಕೋರ್, ಎರಡನೆಯದರಲ್ಲಿ 8. ಹಾಗಾದರೆ ಮೊದಲನೆಯದೇ ಜೋರು? ಅಲ್ಲ. ಇಂಟೆಲಿನ 12ನೇ ತಲೆಮಾರಿನಿಂದ ಕೋರುಗಳಲ್ಲಿ ಎರಡು ಜಾತಿ: ವೇಗದ ಪಿ ಕೋರು (ಬಾಲದ ಪಿಗೂ ಇದಕ್ಕೂ ಸಂಬಂಧವಿಲ್ಲ), ಕರೆಂಟು ಕಡಿಮೆ ತಿನ್ನುವ ಇ ಕೋರು. 1335ಯು ಚಿಪ್ಪಿನಲ್ಲಿ ಪಿ ಎರಡೇ, ಉಳಿದ ಎಂಟೂ ಇ. 13420ಎಚ್‌ನಲ್ಲಿ ನಾಲ್ಕು ಪಿ, ನಾಲ್ಕು ಇ. ಮದುವೆ ಮನೆಯ ಅಡುಗೆ ನೆನೆಸಿಕೊಳ್ಳಿ. ಇಬ್ಬರು ಭಟ್ಟರು, ತರಕಾರಿ ಹೆಚ್ಚುವವರು ಎಂಟು ಮಂದಿ ಇರುವ ಅಡುಗೆಮನೆ ಒಂದು. ನಾಲ್ವರು ಭಟ್ಟರು, ನಾಲ್ವರು ಹೆಚ್ಚುವವರು ಇರುವುದು ಇನ್ನೊಂದು. ಐವತ್ತು ಜನರ ಊಟಕ್ಕೆ ಎರಡೂ ಒಂದೇ. ಐನೂರು ಎಲೆ ಬಿತ್ತೆಂದರೆ ಭಟ್ಟರ ಲೆಕ್ಕವೇ ಲೆಕ್ಕ. ಅವರಿಗೆ ಉರಿಯೂ ಜಾಸ್ತಿ ಬೇಕು, ಅದೇ ಆ 45 ವ್ಯಾಟು.

ಇನ್ನು ಐ7. ಫೋಟೊದಲ್ಲಿದ್ದದ್ದು ಐ7-1355ಯು. ಅದರಲ್ಲೂ ಎರಡು ಪಿ, ಎಂಟು ಇ, ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು (ತ್ರೆಡ್) ಅದೇ 12, ಚಿಪ್ಪಿನೊಳಗಿನ ಪುಟ್ಟ ನೆನಪು (ಕ್ಯಾಶ್) ಅದೇ 12 ಎಂಬಿ. ವ್ಯತ್ಯಾಸ ಏನೆಂದರೆ ಗರಿಷ್ಠ ವೇಗ 4.6 ಬದಲು 5 ಗಿಗಾಹರ್ಟ್ಸ್, ಗ್ರಾಫಿಕ್ಸ್ ಭಾಗದಲ್ಲಿ 80 ಘಟಕದ ಬದಲು 96. ಇಷ್ಟಕ್ಕೆ ಅಂಗಡಿಯವರು ಸುಮಾರು ಹತ್ತು ಸಾವಿರ ಹೆಚ್ಚು ಕೇಳುತ್ತಿದ್ದರು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎನ್ನುವಷ್ಟು ಕೆಟ್ಟದ್ದೇನಲ್ಲ, ಒಳ್ಳೆಯ ಚಿಪ್ಪೇ. ಆದರೆ ಆ ಹತ್ತು ಸಾವಿರಕ್ಕೆ ಬರುವುದು ಏಳು ಎಂಬ ಅಂಕಿ ಮಾತ್ರ. ಭಾರದ ಕೆಲಸದಲ್ಲಿ 13420ಎಚ್ ಎಂಬ ಐ5 ಈ ಐ7ನ್ನು ಹಿಂದೆ ಹಾಕುತ್ತದೆ.

2023ರಲ್ಲಿ ಇಂಟೆಲ್ 'ಐ' ಅಕ್ಷರವನ್ನೇ ಬಿಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಕೋರ್ ಅಲ್ಟ್ರಾ ಬಂತು, ಹೊಸ ವಿನ್ಯಾಸ. ಮರು ತಿಂಗಳೇ, 2024ರ ಜನವರಿಯಲ್ಲಿ, ಅಲ್ಟ್ರಾ ಇಲ್ಲದ ಬರೀ 'ಕೋರ್ 5', 'ಕೋರ್ 7' ಕೂಡ ಬಂದವು. ಕೋರ್ 5 120ಯು ಎಂದರೆ ಒಳಗೆ 13ನೇ ತಲೆಮಾರಿನ ಅದೇ ವಿನ್ಯಾಸ, ಅದೇ ಎರಡು ಪಿ, ಎಂಟು ಇ. ಹಳೆ ಉಪ್ಪಿನಕಾಯಿ, ಹೊಸ ಭರಣಿ. ಉಪ್ಪಿನಕಾಯಿ ಚೆನ್ನಾಗಿಯೇ ಉಂಟು, ಹೊಸದರ ದುಡ್ಡು ಕೊಡಬೇಡಿ ಅಷ್ಟೆ.

ಎಎಂಡಿಯವರದ್ದು ಇನ್ನೊಂದು ಬಗೆ. 2023ರ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಅವರು ಮಾಡಿದ ಪದ್ಧತಿಯಲ್ಲಿ ಮೊದಲ ಅಂಕಿ ವರ್ಷದ ಗುರುತು: 7 ಎಂದರೆ 2023, 8 ಎಂದರೆ 2024. ಒಳಗಿನ ವಿನ್ಯಾಸ ಎಷ್ಟು ಹೊಸತು ಎಂದು ಹೇಳುವುದು ಮೂರನೆಯ ಅಂಕಿ. ರೈಜೆನ್ 5 7520ಯು ಎಂದರೆ ಮೂರನೆಯದು 2, ಅಂದರೆ ಝೆನ್ 2, ಆ ವಿನ್ಯಾಸ 2019ರದ್ದು, ಕೋರು ನಾಲ್ಕೇ. ರೈಜೆನ್ 5 7530ಯು ಝೆನ್ 3, ಆರು ಕೋರು. ರೈಜೆನ್ 5 7535ಎಚ್‌ಎಸ್ ಅದರ ಸುಧಾರಿತ ರೂಪ, ಆರು ಕೋರು. ರೈಜೆನ್ 5 7540ಯು ಝೆನ್ 4. ಬೆಲೆಚೀಟಿಯಲ್ಲಿ ನಾಲ್ಕಕ್ಕೂ 'ರೈಜೆನ್ 5, 7000 ಸರಣಿ' ಎಂದೇ ಬರೆದಿರುತ್ತಾರೆ. 20 ಮತ್ತು 30ರ ನಡುವೆ ಹತ್ತೇ ಅಂಕಿ ವ್ಯತ್ಯಾಸ, ಮೆಶಿನ್ನಿನಲ್ಲಿ ಅಜಗಜಾಂತರ.

2023ರ ಡಿಸೆಂಬರಿನಲ್ಲಿ ಇಂಟೆಲ್ ಇದೇ 7520ಯು ಚಿಪ್ಪನ್ನು ಮುಂದಿಟ್ಟುಕೊಂಡು, ಎಎಂಡಿ ಹಳೆಯದನ್ನು ಹೊಸ ಹೆಸರಲ್ಲಿ ಮಾರುತ್ತಿದೆ ಎಂದು ಲೇವಡಿ ಮಾಡಿ ಒಂದು ಪ್ರಚಾರ ಕಡತ ಹೊರಡಿಸಿತ್ತು, ಟೀಕೆ ಬಂದ ಮೇಲೆ ತೆಗೆದುಹಾಕಿತು. ಮುಂದಿನ ತಿಂಗಳೇ ಆ 120ಯು! ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಮಟ್ಟು ಗುಳ್ಳದ ಊರಿನವರಾದ ನಮಗೆ ಬದನೆ ತಿನ್ನುವವರ ಮೇಲೆ ಸಿಟ್ಟಿಲ್ಲ, ಆಚಾರ ಹೇಳುವುದಷ್ಟೇ ಬೇಡವಿತ್ತು.

ಎಎಂಡಿ ಆ ಪದ್ಧತಿಯನ್ನೂ 2024ರಲ್ಲಿ ಬಿಟ್ಟಿತು. ಈಗ ರೈಜೆನ್ ಎಐ 300 ಎಂಬುದು ಹೊಸ ಝೆನ್ 5 ವಿನ್ಯಾಸ. 2025ರಲ್ಲಿ ಬಂದ 'ಎಐ' ಇಲ್ಲದ ರೈಜೆನ್ 200 ಸರಣಿ ಮಾತ್ರ ಹಿಂದಿನ ಝೆನ್ 4.

'ಎಐ' ಎಂಬ ಸ್ಟಿಕ್ಕರಿನ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಮೈಕ್ರೋಸಾಫ್ಟಿನ ಕೋಪೈಲಟ್ ಪ್ಲಸ್ ಗುರುತು ಬೇಕೆಂದರೆ ಚಿಪ್ಪಿನೊಳಗೆ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು ಎಂಬ ಭಾಗದ ವೇಗ ಕನಿಷ್ಠ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಇರಬೇಕು, ರ‍್ಯಾಮ್ 16 ಜಿಬಿ ಇರಬೇಕು. ಮೊದಲ ಕೋರ್ ಅಲ್ಟ್ರಾ ಚಿಪ್ಪುಗಳ ಎನ್‌ಪಿಯು ಸುಮಾರು 11 ಮಾತ್ರ. ಆದ್ದರಿಂದ ಅಲ್ಟ್ರಾ ಎಂದ ಕೂಡಲೇ ಅದು ಸಿಗುತ್ತದೆಂದಲ್ಲ. ಚಾಟ್‌ಜಿಪಿಟಿಯಂಥವು ನಡೆಯುವುದು ಇಂಟರ್ನೆಟ್ಟಿನ ಆಚೆ ಬದಿಯಲ್ಲಿ. ಅದಕ್ಕಾಗಿ ಈ ಸ್ಟಿಕ್ಕರಿಗೆ ದುಡ್ಡು ಸುರಿಯುವುದು ಬೇಡ.

ಯಾರಿಗೆ ಯಾವುದು

ತೀರಾ ಕಡಿಮೆ ದುಡ್ಡಿನಿಂದ ಶುರು ಮಾಡುತ್ತೇನೆ. ಮೂವತ್ತು ಸಾವಿರದ ಆಸುಪಾಸಿನಲ್ಲಿ ಹೊಸತು ಸಿಗುವುದು ಇಂಟೆಲ್ ಎನ್100, ರೈಜೆನ್ 3 7320ಯು ಥರದವು. ಎನ್100 ಚಿಪ್ಪಿನಲ್ಲಿ ನಾಲ್ಕು ಇ ಕೋರು, ಭಟ್ಟರೇ ಇಲ್ಲ. ಅಂಗಡಿಯ ಬಿಲ್ಲಿಂಗಿಗೆ, ಅಪ್ಪ ಅಮ್ಮನ ಯೂಟ್ಯೂಬಿಗೆ, ಬ್ಯಾಂಕಿನ ಕೆಲಸಕ್ಕೆ ಧಾರಾಳ ಸಾಕು. ಕಾಲೇಜಿನ ನಾಲ್ಕು ವರ್ಷಕ್ಕೆ ಬೇಡ. ಇದೇ ಜಾತಿಯ ಐ3-ಎನ್305 ಎಂಬುದೂ ಉಂಟು. ಹೆಸರಿಗೆ ಐ3, ಒಳಗೆ ಎಂಟೂ ಇ ಕೋರುಗಳೇ. ಎನ್ ಕಂಡರೆ ಎಚ್ಚರ.

ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಇನ್ನೊಂದು ದಾರಿ. ಕಂಪನಿಗಳು ಬಿಟ್ಟ ಗಟ್ಟಿಮುಟ್ಟು ಮೆಶಿನ್ನುಗಳು ಮಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತವೆ, ಕೀಬೋರ್ಡಂತೂ ಹೊಸ ಅಗ್ಗದವುಗಳಿಗಿಂತ ಎಷ್ಟೋ ವಾಸಿ. ಇಲ್ಲಿ ಒಂದೇ ಗೆರೆ ನೆನಪಿಡಿ: ಇಂಟೆಲ್ ಆದರೆ 8ನೇ ತಲೆಮಾರು, ಎಎಂಡಿ ಆದರೆ ರೈಜೆನ್ 3000 ಸರಣಿ, ಅದಕ್ಕಿಂತ ಹಿಂದಿನದು ಬೇಡ. ವಿಂಡೋಸ್ 11 ಕೇಳುವುದು ಅದನ್ನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಐ7 ಎಂದು ಬರೆದ 6ನೇ ತಲೆಮಾರಿನದ್ದಕ್ಕಿಂತ ಐ5-8350ಯು ಎಷ್ಟೋ ಮೇಲು. ಅದರಲ್ಲಿ ಕೋರು ನಾಲ್ಕು, ಆ ಹಳೆಯ ಯು ಐ7ಗಳಲ್ಲಿ ಎರಡು. ಬ್ಯಾಟರಿ ಬದಲಿಸಲು ಬೇಕಾಗುವ ದುಡ್ಡನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.

ನಲವತ್ತರಿಂದ ಅರವತ್ತು ಸಾವಿರ. ಹೆಚ್ಚಿನವರು ನಿಲ್ಲುವುದು ಇಲ್ಲಿ, ಬೀಳುವುದೂ ಇಲ್ಲೇ. ಯು ಬಾಲದವರಲ್ಲಿ ಐ5-1235ಯು, 1335ಯು, ಕೋರ್ 5 120ಯು, ರೈಜೆನ್ 5 7530ಯು ಇವು ನನ್ನ ಲೆಕ್ಕದಲ್ಲಿ ಒಂದೇ ಪಂಕ್ತಿ. ಯಾವುದರಲ್ಲಿ ರ‍್ಯಾಮ್ 16 ಜಿಬಿ ಉಂಟೋ, ಸ್ಕ್ರೀನ್ ಚೆನ್ನಾಗಿ ಉಂಟೋ, ಸರ್ವಿಸ್ ಸೆಂಟರ್ ಹತ್ತಿರ ಉಂಟೋ ಅದನ್ನು ಎತ್ತಿಕೊಳ್ಳಿ. ಐ3-1215ಯು, 1315ಯು ಕೂಡ ಕೀಳಲ್ಲ: ಎರಡು ಪಿ, ನಾಲ್ಕು ಇ. ಬಿಕಾಂ ಓದುವವರಿಗೆ, ಬಿಎಡ್ ಮಾಡುವವರಿಗೆ, ಟ್ಯಾಲಿಯಲ್ಲಿ ದಿನ ಕಳೆಯುವವರಿಗೆ ಐ3 ತೆಗೆದು, ಉಳಿದ ದುಡ್ಡನ್ನು ರ‍್ಯಾಮಿಗೆ ಹಾಕಿ ಎಂದೇ ನಾನು ಹೇಳುವುದು. ಮೆಡಿಕಲ್ ಓದುವವರಿಗೂ ಅಷ್ಟೇ. ಅವರಿಗೆ ಬೇಕಾದದ್ದು ಬ್ಯಾಟರಿ, ಕಣ್ಣಿಗೆ ಹಿತವಾದ ಸ್ಕ್ರೀನ್.

ಇದೇ ಬೆಲೆಗೆ ಎಚ್ ಬಾಲದವೂ ಸಿಗುತ್ತವೆ: ಐ5-12450ಎಚ್, 13420ಎಚ್, ರೈಜೆನ್ 5 7535ಎಚ್‌ಎಸ್. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಓದುವವರು ಇತ್ತಲೇ ಬರಬೇಕು, ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಮೆಶಿನ್ನಿಗೇ ಬರಬೇಕು. 12450ಎಚ್, 13420ಎಚ್ ಚಿಪ್ಪುಗಳ ಒಳಗಿನ ಗ್ರಾಫಿಕ್ಸ್ ಯು ಚಿಪ್ಪಿಗಿಂತಲೂ ಸಣ್ಣದು, 48 ಘಟಕ ಮಾತ್ರ. ಬೇರೆ ಕಾರ್ಡಿನ ಜೊತೆ ಹೋಗಲಿ ಎಂದೇ ಮಾಡಿದ್ದು. ಕಾರ್ಡಿಲ್ಲದ ಎಚ್ ಲ್ಯಾಪ್‌ಟಾಪ್ ಬೈಕಿಗೆ ಲಾರಿ ಎಂಜಿನ್ ಕೂರಿಸಿದಂತೆ. ಕೋಡ್ ಕಂಪೈಲ್ ಮಾಡುವವರಿಗೆ ಮಾತ್ರ ಹಾಗಿದ್ದರೂ ಉಪಯೋಗ ಉಂಟು.

ಎಚ್ ಬಾಲದವರ ಕಷ್ಟವನ್ನೂ ಹೇಳಬೇಕು. ಚಾರ್ಜರೇ ಒಂದು ಇಟ್ಟಿಗೆ. ಬ್ಯಾಟರಿಯಲ್ಲಿ ಓಡಿಸಿದರೆ ಚಿಪ್ಪು ತಾನೇ ಉರಿ ತಗ್ಗಿಸಿಕೊಳ್ಳುತ್ತದೆ, ಕೊಟ್ಟ ದುಡ್ಡಿನ ವೇಗ ಪ್ಲಗ್ಗಿನ ಹತ್ತಿರ ಮಾತ್ರ. ಇನ್ನೊಂದು, ಒಂದೇ ಚಿಪ್ಪು ಎರಡು ಕಂಪನಿಯ ಮೆಶಿನ್ನಿನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ತೆಳ್ಳಗಿನದ್ದರಲ್ಲಿ ಗಾಳಿಯಾಡದೆ ಹತ್ತು ನಿಮಿಷದಲ್ಲಿ ಸುಸ್ತಾಗುತ್ತದೆ. ಯೂಟ್ಯೂಬಿನಲ್ಲಿ ಚಿಪ್ಪಿನ ವಿಮರ್ಶೆ ನೋಡಬೇಡಿ, ನೀವು ಕೊಳ್ಳುವ ಅದೇ ಮಾಡೆಲಿನದ್ದನ್ನು ನೋಡಿ. ಅದರಲ್ಲೂ ಅರ್ಧ ಗಂಟೆ ಓಡಿಸಿದ ಮೇಲಿನ ಅಂಕಿ.

ಅರವತ್ತು ದಾಟಿದರೆ ಕೋರ್ ಅಲ್ಟ್ರಾ 5 125ಎಚ್, ರೈಜೆನ್ ಎಐ 5 340, ರೈಜೆನ್ ಎಐ 7 350. ಇವುಗಳ ಒಳಗಿನ ಗ್ರಾಫಿಕ್ಸ್ ಗಟ್ಟಿ. ಸಣ್ಣಪುಟ್ಟ ಎಡಿಟಿಂಗ್ ಬೇರೆ ಕಾರ್ಡಿಲ್ಲದೆ ಸಾಗುತ್ತದೆ. ಇನ್ನೂ ಮೇಲೆ ಹೋದರೆ ವಿ ಬಾಲದ ಕೋರ್ ಅಲ್ಟ್ರಾ, ಉದಾಹರಣೆಗೆ 226ವಿ, 258ವಿ. ಬ್ಯಾಟರಿಯ ವಿಷಯದಲ್ಲಿ ಇಂಟೆಲ್ ಕಡೆಯಿಂದ ನಾನು ಕಂಡ ಒಳ್ಳೆಯ ಚಿಪ್ಪು ಇದೇ. ಆದರೆ ರ‍್ಯಾಮ್ ಚಿಪ್ಪಿನ ಜೊತೆಗೇ ಕೂತಿರುತ್ತದೆ, ಆಮೇಲೆ ಹಾಕಲು ಸಾಧ್ಯವೇ ಇಲ್ಲ. ಹೆಸರಿನ ಕೊನೆಯ ಅಂಕಿ 6 ಆದರೆ 16 ಜಿಬಿ, 8 ಆದರೆ 32. ಹೆಸರಿನಲ್ಲಿ ಇಷ್ಟು ಉಪಯೋಗದ ಸಂಗತಿ ಇಟ್ಟದ್ದಕ್ಕೆ ಒಂದು ನಮಸ್ಕಾರ. ಬೆಲೆಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಸ್ನಾಪ್‌ಡ್ರಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳು 2024ರ ಜೂನಿನಿಂದ ಬರುತ್ತಿವೆ. ಫೋನಿನ ಚಿಪ್ಪಿನ ಕುಲ, ಅಂದರೆ ಆರ್ಮ್. ತಣ್ಣಗಿರುತ್ತವೆ, ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಹಳೆಯ ಸಾಫ್ಟ್‌ವೇರುಗಳನ್ನು ಅದು ಅನುವಾದ ಮಾಡಿಕೊಂಡು ಓಡಿಸುತ್ತದೆ, ಹೆಚ್ಚಿನವು ಓಡುತ್ತವೆ ಕೂಡ. ತೊಡಕು ಇರುವುದು ಡ್ರೈವರ್‌ಗಳಲ್ಲಿ, ಅಂದರೆ ಪ್ರಿಂಟರ್, ಟೋಕನ್ ಥರದವನ್ನು ಮೆಶಿನ್ನಿನ ಜೊತೆ ಮಾತಾಡಿಸುವ ತಂತ್ರಾಂಶದಲ್ಲಿ. ಡ್ರೈವರಿಗೆ ಆ ಅನುವಾದ ನಡೆಯುವುದಿಲ್ಲ, ಆರ್ಮ್‌ಗಾಗಿಯೇ ಬರೆದದ್ದು ಬೇಕು. ಮಂಗಳೂರಿನ ಸಿಎ ಕಚೇರಿಗಳಲ್ಲಿ ಜಿಎಸ್‌ಟಿ, ಆದಾಯ ತೆರಿಗೆ ಎಂದು ದಿನಕ್ಕೆ ಹತ್ತು ಸಲ ಡಿಜಿಟಲ್ ಸಹಿಯ ಟೋಕನ್ ಚುಚ್ಚುವ ಆರ್ಟಿಕಲ್ ಹುಡುಗರೇ, ನಿಮ್ಮ ಟೋಕನನ್ನು ಅಂಗಡಿಗೇ ಒಯ್ದು ಚುಚ್ಚಿ ನೋಡಿ. ಆಫೀಸಿನ ಹತ್ತು ವರ್ಷ ಹಳೆಯ ಪ್ರಿಂಟರ್ ಇದ್ದರೂ, ನುಡಿಯಲ್ಲಿ ಟೈಪ್ ಮಾಡುವವರಾದರೂ ಹಾಗೆಯೇ. ಬರೀ ಬ್ರೌಸರಿನಲ್ಲಿ ಬದುಕುವವರಾದರೆ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಮ್ಯಾಕ್‌ಬುಕ್ ಏರ್ ಕೇಳುವವರು ಮಣಿಪಾಲದ ಕಡೆ ಜಾಸ್ತಿ. ಹೆಸರಿನ ಗೊಂದಲ ಇಲ್ಲದ ಏಕೈಕ ಕುಟುಂಬ ಇದು: ಎಂ1 ಚಿಪ್ಪು 2020ರದ್ದು, ಎಂ2 2022, ಎಂ3 2023, ಎಂ4 2024. ಹೆಸರಿನ ಕೊನೆಗೆ ಪ್ರೊ, ಮ್ಯಾಕ್ಸ್ ಎಂದಿದ್ದರೆ ದೊಡ್ಡದು. ಏರ್‌ನಲ್ಲಿ ಫ್ಯಾನೇ ಇಲ್ಲ, ಲೈಬ್ರರಿಯಲ್ಲಿ ಕೂತರೆ ಸದ್ದಿಲ್ಲ. ಕೋಡ್ ಬರೆಯುವವರಿಗೆ, ವಿಡಿಯೊ ಕತ್ತರಿಸುವವರಿಗೆ ಒಳ್ಳೆಯದು. ಆದರೆ ಸಾಲಿಡ್‌ವರ್ಕ್ಸ್ ಅದರಲ್ಲಿ ಇಲ್ಲ, ಟ್ಯಾಲಿ ನೇರವಾಗಿ ಓಡುವುದಿಲ್ಲ, ರ‍್ಯಾಮ್ ಆಮೇಲೆ ಏರಿಸಲಾಗದು. ಹಳೆಯ ಎಂ1 ಆಫರಿನಲ್ಲಿ ಸಿಕ್ಕಿತೆಂದು 8 ಜಿಬಿಯದ್ದನ್ನು ಈಗ ತೆಗೆದುಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ.

ಮೇಜಿನ ಮೇಲಿನದ್ದು ಬೇಕೆನ್ನುವವರಿಗೆ

ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು, ಯಕ್ಷಗಾನ ಮೇಳದ ಆಟವನ್ನು ರಾತ್ರಿಯಿಡೀ ಲೈವ್ ಬಿಡುವವರು ನನ್ನಲ್ಲಿ ಲ್ಯಾಪ್‌ಟಾಪ್ ಕೇಳುತ್ತಾರೆ. ಬಯಲಿಗೆ ಹೋಗುವ ಲೈವಿನವರಿಗೆ ಅದು ಸರಿ, ಎಚ್ ಬಾಲದ್ದು ತೆಗೆದುಕೊಳ್ಳಿ. ಪಕ್ಕದಲ್ಲಿ ಜನರೇಟರ್ ಹೇಗೂ ಇರುತ್ತದೆ. ಸ್ಟುಡಿಯೊದಲ್ಲೇ ಕೂತು ಎಡಿಟ್ ಮಾಡುವವರು ಮಾತ್ರ ಡೆಸ್ಕ್‌ಟಾಪ್ ಕಟ್ಟಿಸಿಕೊಳ್ಳಿ. ಅದೇ ದುಡ್ಡಿಗೆ ಹೆಚ್ಚು ವೇಗ, ಕೆಟ್ಟರೆ ಒಂದೊಂದೇ ಬಿಡಿಭಾಗ ಬದಲಿಸಬಹುದು. ಯುಪಿಎಸ್ ಇಲ್ಲದೆ ಮಾತ್ರ ಬೇಡ.

ಇಲ್ಲಿ ಬಾಲದ ಅಕ್ಷರಗಳು ಬೇರೆ. ಕೆ ಎಂದರೆ ವೇಗ ಏರಿಸಿಕೊಳ್ಳಬಹುದಾದದ್ದು. ಎಎಂಡಿಯ ಹಳೆಯ ಸಾಲಿನಲ್ಲಿ ಜಿ ಎಂದರೆ ಒಳಗೆ ಗ್ರಾಫಿಕ್ಸ್ ಉಂಟು. ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಈ ಎಫ್ ನನಗೆ ಪಾಠ ಕಲಿಸಿದೆ. ಸೋದರಮಾವನ ಮನೆಗೆಂದು ಭಾಗ ಭಾಗ ತರಿಸಿ ನಾನೇ ಜೋಡಿಸಿದ್ದು. ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತದೆ, ಸ್ಕ್ರೀನು ಕಪ್ಪು. ರ‍್ಯಾಮ್ ಕಿತ್ತು ಹಾಕಿದೆ, ಕೇಬಲ್ ಬದಲಿಸಿದೆ, ಸಂಜೆಯವರೆಗೆ ಒದ್ದಾಡಿದೆ. ಅತ್ತೆ ಮೂರನೇ ಸಲ ಚಹಾ ತಂದಿಟ್ಟಾಗ ಚಿಪ್ಪಿನ ಡಬ್ಬಿ ಎತ್ತಿ ನೋಡಿದೆ. ಕೊನೆಗೊಂದು ಎಫ್! ಅಗ್ಗ ಸಿಕ್ಕಿತೆಂದು ತರಿಸಿದ್ದು ನಾನೇ.

ವಿಡಿಯೊದವರಿಗೆ ಎಫ್ ಇನ್ನೊಂದು ಕಾರಣಕ್ಕೂ ಬೇಡ. ಈಗಿನ ಹಲವು ಕ್ಯಾಮೆರಾಗಳು 4:2:2, 10 ಬಿಟ್ ಎಂಬ, ಬಣ್ಣದ ವಿವರ ಹೆಚ್ಚಿರುವ ಬಗೆಯಲ್ಲಿ ಎಚ್‌265 ವಿಡಿಯೊ ಬರೆಯುತ್ತವೆ. ಅದನ್ನು ತಡೆಯಿಲ್ಲದೆ ಓದುವ ಯಂತ್ರಾಂಶ ಇಂಟೆಲಿನ 11ನೇ ತಲೆಮಾರಿನಿಂದ ಒಳಗಿನ ಗ್ರಾಫಿಕ್ಸ್‌ನಲ್ಲೇ ಉಂಟು. ಎನ್ವಿಡಿಯಾ ಕಾರ್ಡುಗಳಲ್ಲಿ ಅದು ಬಂದದ್ದು 50 ಸರಣಿಯಲ್ಲಿ, ಅಂದರೆ 2025ರಲ್ಲಿ. ಐ5-12400 ಮತ್ತು 12400ಎಫ್ ಎರಡರಲ್ಲೂ ಆರು ಪಿ ಕೋರು, ಎಫ್ ತುಸು ಅಗ್ಗ. 40 ಸರಣಿಯ ಕಾರ್ಡ್ ಇದೆಯಲ್ಲ ಎಂದು ಎಫ್ ತೆಗೆದುಕೊಂಡವರು ಟೈಮ್‌ಲೈನ್ ತಡವರಿಸುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಹೆಚ್ಚು ಬೆಲೆಯ ರೈಜೆನ್ನಿಗಿಂತ ಸಾಧಾರಣ ಇಂಟೆಲ್ ಗೆಲ್ಲುವ ಜಾಗ ಇದೊಂದು.

13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಜೋರಿನವಕ್ಕೆ ವೋಲ್ಟೇಜಿನ ತೊಂದರೆ ಕಂಡು, ಇಂಟೆಲ್ 2024ರಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ಅವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಿಲ್ ಕೇಳಿ ಪಡೆಯಿರಿ, ಮದರ್‌ಬೋರ್ಡಿನ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸತು ಮಾಡಿಸಿ.

ಭಾವನ ನಾಲ್ಕು ಫೋಟೊ

ಮೊದಲು ತೆಗೆದುಹಾಕಿದ್ದು ರೈಜೆನ್ 5 7520ಯು. ನಾಲ್ಕರಲ್ಲಿ ಅಗ್ಗ ಅದೇ, ರ‍್ಯಾಮ್ ಕೂಡ 16 ಜಿಬಿ ಇತ್ತು. ಆದರೆ ನಾಲ್ಕು ಕೋರು, 2019ರ ವಿನ್ಯಾಸ, ರ‍್ಯಾಮ್ ಬೋರ್ಡಿಗೇ ಬೆಸೆದದ್ದು. ನಾಲ್ಕು ವರ್ಷಕ್ಕೆ ಅದು ಸಾಲದು. ಮನೆಯಲ್ಲಿ ಅಕ್ಕನಿಗೆ ಬೇಕೆಂದಿದ್ದರೆ ಅದನ್ನೇ ಹೇಳುತ್ತಿದ್ದೆ. ಐ7-1355ಯು ಹತ್ತು ಸಾವಿರದ ಅಂಕಿ, ಅದೂ ಹೋಯಿತು.

ಉಳಿದದ್ದು ಎರಡು ಐ5. 13420ಎಚ್ ಜೋರು, 16 ಜಿಬಿ ಇತ್ತು, ಭಾರವೂ ಇತ್ತು. 1335ಯು ಹಗುರ, ಆದರೆ 8 ಜಿಬಿ. ಹುಡುಗಿ ಹಾಸ್ಟೆಲಿನಲ್ಲಿ ಇರುವವಳಾಗಿದ್ದರೆ, ಮೇಜು, ಪ್ಲಗ್ಗು ಸ್ವಂತದ್ದಾಗಿದ್ದರೆ ಎಚ್ ಎನ್ನುತ್ತಿದ್ದೆ. ಇವಳು ಬೆಳಿಗ್ಗೆ ಕಾರ್ಕಳದಲ್ಲಿ ಬಸ್ಸು ಹತ್ತಿ ನಿಂತುಕೊಂಡೇ ಮಣಿಪಾಲ ಸೇರುವವಳು. ಬೆನ್ನಿಗೆ ಮೆಶಿನ್ನು, ಅದರ ಮೇಲೆ ಇಟ್ಟಿಗೆ ಚಾರ್ಜರು ಯಾಕೆ? ಯು ಇರಲಿ ಎಂದೆ, ಒಂದು ಷರತ್ತಿನ ಮೇಲೆ.

ಅಂಗಡಿಯಲ್ಲಿ ಮೆಶಿನ್ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಲು ಹೇಳಿದೆ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಚಿಪ್ಪಿನ ಪೂರ್ತಿ ಹೆಸರು ಬಾಲ ಸಮೇತ ಇರುತ್ತದೆ, ಬೆಲೆಚೀಟಿಯಲ್ಲಿ ಇಲ್ಲದಿದ್ದರೂ. ಮೆಮೊರಿ ಎಂಬಲ್ಲಿ ಎಷ್ಟು ಸ್ಲಾಟ್ ಉಂಟು, ಎಷ್ಟು ಬಳಸಿದೆ ಎಂದೂ ಇರುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಮಾತ್ರ ದುಡ್ಡು ಕೊಡಿ ಎಂದಿದ್ದೆ. ಖಾಲಿ ಇತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, ಭಾವನಿಗೆ ಅದೊಂದು ಬೇಜಾರು. ಆದರೂ ಐ7ಕ್ಕೆ ಕೊಡಬೇಕಿದ್ದ ದುಡ್ಡಿನಲ್ಲೇ ಇನ್ನೊಂದು 8 ಜಿಬಿ ಕಡ್ಡಿ ಬಂತು.

ಆ ರಾತ್ರಿ ಹುಡುಗಿಯೇ ಫೋನ್ ಮಾಡಿದಳು. "ಮಾವ, ಇದೆಂತ? ಮಧ್ಯಾಹ್ನ ಅಂಗಡಿಯಲ್ಲಿ ನೋಡುವಾಗ ಗ್ರಾಫಿಕ್ಸ್ 'ಯುಎಚ್‌ಡಿ' ಅಂತ ಇತ್ತು. ರ‍್ಯಾಮ್ ಹಾಕಿದ ಮೇಲೆ 'ಐರಿಸ್ ಎಕ್ಸ್‌ಇ' ಅಂತ ಬರ್ತದೆ. ಬೇರೆ ಮೆಶಿನ್ ಕೊಟ್ರಾ?"

ಕೊಟ್ಟಿರಲಿಲ್ಲ. ಒಂದೇ ಕಡ್ಡಿ ಇದ್ದಾಗ ಚಿಪ್ಪಿಗೂ ರ‍್ಯಾಮಿಗೂ ನಡುವೆ ಒಂದೇ ದಾರಿ. ಆಗ ಇಂಟೆಲ್ ಅದೇ ಗ್ರಾಫಿಕ್ಸನ್ನು ಯುಎಚ್‌ಡಿ ಎಂದು ಕರೆಯುತ್ತದೆ. ಎರಡು ಕಡ್ಡಿಯಾಗಿ ದಾರಿ ಎರಡಾದರೆ ವೇಗ ಏರುತ್ತದೆ, ಹೆಸರೂ ಐರಿಸ್ ಎಕ್ಸ್‌ಇ ಎಂದಾಗುತ್ತದೆ. ಚಿಪ್ಪು ಅದೇ, ಅಂಗಡಿಯ ಸ್ಟಿಕ್ಕರೂ ಅದೇ. ಹೀಗೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಪ್ಪನಿಗೆ ಐ7 ಅಂತಲೇ ಹೇಳ್ಲಾ?" ಎಂದಳು.